ಬಣ್ಣ ನೋಡಿ ಕತ್ತಿ ಮಾಡೋದು: ಮೂಡಿಗೆರೆ ಕಡೆಯ ಒಂದು ಮನೆ ಕುಲುಮೆ

ಮನೆಯಲ್ಲಿ ಕುಲುಮೆ ಹಾಕಬೇಕು ಅಂತ ಬರುವವರು ಮೊದಲು ಕೇಳುವುದು ಸಾಮಾನಿನ ಪಟ್ಟಿ. ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು ಎಲ್ಲಿ ಸಿಗುತ್ತದೆ, ಗಾಳಿಗೆ ಏನು ಹಾಕಬೇಕು, ಸುತ್ತಿಗೆ ಎಷ್ಟು ತೂಕದ್ದು? ಇವೆಲ್ಲ ಬೇಕು, ಮುಂದೆ ಹೇಳುತ್ತೇನೆ. ಆದರೆ ಮೂಡಿಗೆರೆ ಹತ್ತಿರದ ನಮ್ಮ ಮನೆಯ ಹಿಂದೆ ಕುಲುಮೆ ಹಾಕಿ ಕತ್ತಿ ಮಾಡತೊಡಗಿದ ಮೇಲೆ ನನಗೆ ಮನದಟ್ಟಾದ ವಿಷಯ ಬೇರೆ. ಕಾದ ಉಕ್ಕಿನ ಬಣ್ಣ ನೋಡಿ ಅದು ಎಷ್ಟು ಕಾದಿದೆ ಅಂತ ಹೇಳುವ ಕಣ್ಣು ಬರಬೇಕು. ಅದು ಬಂದರೆ ಸಾಧಾರಣ ಸಾಮಾನಿನಲ್ಲೂ ಬಾಳುವ ಕತ್ತಿ ಆಗುತ್ತದೆ. ಬಾರದಿದ್ದರೆ ಎಷ್ಟು ದುಬಾರಿ ಯಂತ್ರ ತಂದಿಟ್ಟರೂ ಆಗುವುದಿಲ್ಲ.

ನಮ್ಮ ಕಡೆ ಕತ್ತಿ ಇಲ್ಲದ ಮನೆಯೇ ಇಲ್ಲ. ಕಳೆ ಹೊಡೆಯಲು ಒಂದು, ಮರಗಸಿಗೆ ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರಲು ಒಂದು, ಸೌದೆ ಸೀಳಲು ಒಂದು. ಅಡುಗೆಮನೆಯಲ್ಲಿ ಈಳಿಗೆಮಣೆ, ಅಡಿಕೆ ಇದ್ದವರಿಗೆ ಅದನ್ನು ಸುಲಿಯುವ ಮೆಟ್ಟುಗತ್ತಿ. ಮೊದಲೆಲ್ಲ ಬಾಯಿ ಮೊಂಡಾದರೆ ಊರಿನ ಕುಲುಮೆಗೆ ಹೋಗಿ ತಟ್ಟಿಸಿಕೊಂಡು ಬರುತ್ತಿದ್ದರು. ಸುತ್ತಿನ ಕುಲುಮೆಗಳು ಒಂದೊಂದಾಗಿ ಮುಚ್ಚಿದವು. ಅಂಗಡಿಯ ಕತ್ತಿ ನೋಡಲು ಚೆಂದ, ಆದರೆ ಕೆಲವು ದಿನ ಸಿಲ್ವರ್ ಓಕ್ ಕೊಂಬೆ ಕಡಿದರೆ ಸಾಕು, ಬಾಯಿ ಮಡಚಿಕೊಳ್ಳುತ್ತದೆ. ಮರಗಸಿ ಮಾಡುವವರು ಮರದ ಮೇಲೆ ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದು ಕೈಯಲ್ಲಿ ಬೀಸುತ್ತಾರೆ. ಅವರ ಕೈಗೆ ಮೊಂಡು ಕತ್ತಿ ಕೊಡುವುದು ಅಂದರೆ ಅಪಾಯ ಕೊಟ್ಟ ಹಾಗೆಯೇ. ನಾನು ಈ ಕೆಲಸಕ್ಕೆ ಇಳಿದದ್ದು ಅದಕ್ಕೇ.

ಕಲಿಸಿದವರು ಎಪ್ಪತ್ತು ದಾಟಿದ ಒಬ್ಬ ಆಚಾರ್ರು. ಬೆಂಕಿಗೆ ಗಾಳಿ ಊದುವ ಅವರ ತಿದಿ ಈಗಲೂ ಚರ್ಮದ್ದೇ. ನಾನು ಮೊದಲು ಅವರ ಕುಲುಮೆಯಲ್ಲಿ ಗಾಳಿ ಹಾಕುವ ಕೆಲಸಕ್ಕೆ ಕೂತೆ. "ಬಡಿಯೋದು ಯಾರು ಬೇಕಾದ್ರೂ ಬಡೀತಾರೆ ಮಾರಾಯ್ರೆ, ಬೆಂಕಿಯಿಂದ ತೆಗೆಯೋ ಹೊತ್ತು ಗೊತ್ತಾಗ್ಬೇಕು" ಅಂತ ಅವರು ಅಂದಿದ್ದರು. ಗಾಳಿ ಹಾಕುತ್ತಾ ಕೂತವನಿಗೆ ಬೆಂಕಿ ನೋಡುವುದು ಬಿಟ್ಟು ಬೇರೆ ಕೆಲಸ ಇರುವುದಿಲ್ಲ. ಆ ಕೂರುವಿಕೆಯೇ ಪಾಠ. ನಿಮ್ಮ ಹತ್ತಿರ ಎಲ್ಲಾದರೂ ಕುಲುಮೆ ಉಳಿದಿದ್ದರೆ, ವಿಡಿಯೋ ನೋಡುವ ಮೊದಲು ಅಲ್ಲಿ ಹೋಗಿ ಕೂತುಕೊಳ್ಳಿ.

ಜಾಗದ ವಿಷಯ ಮೊದಲು. ಬಿಸಿಲಲ್ಲಿ ಕುಲುಮೆ ಹಾಕಬೇಡಿ. ಮಧ್ಯಾಹ್ನದ ಬೆಳಕಿನಲ್ಲಿ 700 ಡಿಗ್ರಿ ಕಾದ ಉಕ್ಕೂ ಬೂದು ಬಣ್ಣದ ತುಂಡಿನ ಹಾಗೆ ಕಾಣುತ್ತದೆ. ಕತ್ತಲು ಮಾಡಿದ ಶೆಡ್ಡಿನಲ್ಲಿ ಅದೇ ತುಂಡು ಕೆಂಪಗೆ ಹೊಳೆಯುತ್ತದೆ. ನಾನು ಹಳೇ ದನದ ಕೊಟ್ಟಿಗೆಯ ಎರಡು ಬದಿಗೆ ಗೋಡೆ ಉಳಿಸಿಕೊಂಡು, ಇನ್ನೆರಡು ಬದಿ ಗಾಳಿಯಾಡಲು ಬಿಟ್ಟಿದ್ದೇನೆ. ಮೇಲೆ ತಗಡು, ನಡುವೆ ಹೊಗೆ ಹೋಗಲು ಜಾಗ. ಇದ್ದಿಲಿನ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ. ಹಾಗಾಗಿ ಬೆಳಕು ಕಮ್ಮಿ ಇರಲಿ, ಗಾಳಿ ಮಾತ್ರ ಧಾರಾಳ ಇರಲಿ. ನೆಲ ಮಣ್ಣಿನದೇ ಇರಲಿ. ಸಿಮೆಂಟ್ ನೆಲದ ಮೇಲೆ ಕೆಂಪಗೆ ಕಾದ ಉಕ್ಕು ಬಿದ್ದರೆ ಒಳಗಿನ ತೇವ ಆವಿಯಾಗಿ ಚಕ್ಕೆ ಸಿಡಿಯುತ್ತದೆ. ಅದು ನೇರ ಮುಖಕ್ಕೇ ಬರಬಹುದು.

ಕಾಫಿ ತೋಟದವರಿಗೆ ಇನ್ನೆರಡು ಮಾತು. ಕಣದಲ್ಲಿ ಕಾಫಿ ಒಣಗುತ್ತಿರುವಾಗ ಗಾಳಿ ಆ ಕಡೆ ಬೀಸುತ್ತಿದ್ದರೆ ಕುಲುಮೆ ಹಚ್ಚಬೇಡಿ. ಕಾಫಿ ಬೀಜ ವಾಸನೆ ಎಳೆದುಕೊಳ್ಳುತ್ತದೆ, ಹೊಗೆ ವಾಸನೆ ಹಿಡಿದ ಕಾಫಿಯನ್ನು ಯಾರು ತೆಗೆದುಕೊಳ್ಳುತ್ತಾರೆ? ಎರಡನೆಯದು, ಫೆಬ್ರವರಿಯಿಂದ ಮೊದಲ ಮಳೆ ಬೀಳುವ ತನಕ ತರಗೆಲೆ ಒಣಗಿ ಕೂತಿರುತ್ತದೆ. ಶೆಡ್ಡಿನ ಸುತ್ತ ಕನಿಷ್ಠ ಮೂರು ನಾಲ್ಕು ಮೀಟರ್ ಗುಡಿಸಿ ಇಟ್ಟುಕೊಳ್ಳಬೇಕು. ಕೆಲಸ ಮುಗಿದ ಮೇಲೂ ಬೆಂಕಿ ಆರಿತೇ ಅಂತ ನೋಡಿಕೊಂಡೇ ಒಳಗೆ ಹೋಗಬೇಕು.

ಕುಲುಮೆ ಕಟ್ಟುವುದು ದೊಡ್ಡ ಕೆಲಸ ಅಲ್ಲ. ಹುತ್ತದ ಮಣ್ಣು, ಮರಳು, ಸ್ವಲ್ಪ ಭತ್ತದ ಹೊಟ್ಟು ಕಲಸಿ, ನೆಲದಿಂದ ಸೊಂಟದ ಎತ್ತರಕ್ಕೆ ಕಲ್ಲು ಕಟ್ಟಿ, ಮೇಲೆ ಗುಳಿ ಮಾಡಿದರೆ ಆಯಿತು. ಹೊಟ್ಟು ಸುಟ್ಟು ಹೋದ ಮೇಲೆ ಉಳಿಯುವ ಸಣ್ಣ ಸಣ್ಣ ತೂತುಗಳು ಶಾಖ ಹೊರಗೆ ಹೋಗದಂತೆ ತಡೆಯುತ್ತವೆ. ಒಂದು ಪಕ್ಕದಿಂದ ದಪ್ಪ ಕಬ್ಬಿಣದ ಪೈಪಿನಲ್ಲಿ ಗಾಳಿ ಬರಬೇಕು. ಆ ಪೈಪು ಜಿಐ ಆಗಿರಬಾರದು. ಅದರ ಮೇಲಿನ ಸತು ಕಾದಾಗ ಬಿಳಿ ಹೊಗೆ ಬರುತ್ತದೆ, ಅದನ್ನು ಉಸಿರಾಡಿದರೆ ಜ್ವರ, ಚಳಿ, ಎದೆ ಬಿಗಿತ. ಬೆಂಕಿಗೆ ಇಡುವ ಯಾವ ವಸ್ತುವಿನ ಮೇಲೂ ಸತುವಿನ ಲೇಪ, ಕ್ರೋಮಿಯಂ ಹೊಳಪು, ಬಣ್ಣ ಇರಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಗಾಳಿಗೆ ನಾನು ಚಿಕ್ಕ ವಿದ್ಯುತ್ ಬ್ಲೋವರ್ ಹಾಕಿ, ಅದರ ಬಾಯಿಗೆ ತಗಡಿನ ಒಂದು ಬಾಗಿಲು ಮಾಡಿಕೊಂಡಿದ್ದೇನೆ. ಗಾಳಿ ಜಾಸ್ತಿ ಆದರೆ ಇದ್ದಿಲು ಸುಮ್ನೆ ಉರಿದು ಹೋಗುತ್ತದೆ, ಉಕ್ಕಿನ ಮೇಲೆ ಕಿಟ್ಟ ದಪ್ಪ ಆಗುತ್ತದೆ. ಹಾಗಾಗಿ ಗಾಳಿಯನ್ನು ಹೆಚ್ಚು ಕಮ್ಮಿ ಮಾಡುವ ವ್ಯವಸ್ಥೆ ಇಲ್ಲದ ಬ್ಲೋವರ್ ಬೇಡವೇ ಬೇಡ. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಊರಿನಲ್ಲಿ ಕೈಯಲ್ಲಿ ತಿರುಗಿಸುವ ಬ್ಲೋವರೂ ಒಂದು ಇರಲಿ. ಹದ ಹಾಕುವ, ಅಂದರೆ ಕತ್ತಿಯನ್ನು ಕಾಯಿಸಿ ಅದ್ದಿ ಗಡಸು ಮಾಡುವ ಹೊತ್ತಿಗೆ ಕರೆಂಟು ಹೋದರೆ ಬೆಳಗಿನಿಂದ ಮಾಡಿದ ಕೆಲಸ ನಿಂತೇ ಹೋಗುತ್ತದೆ.

ಕೆಲವರು ಗ್ಯಾಸಿನ ಕುಲುಮೆ ಮಾಡುತ್ತಾರೆ. ಅದು ಶುಚಿ, ಶಾಖವೂ ಒಂದೇ ಸಮ. ಆದರೆ ಮನೆಯ 14.2 ಕೆಜಿ ಸಿಲಿಂಡರನ್ನು ಅಡುಗೆ ಬಿಟ್ಟು ಬೇರೆ ಕೆಲಸಕ್ಕೆ ಬಳಸುವಂತಿಲ್ಲ. 19 ಕೆಜಿಯ ವಾಣಿಜ್ಯ ಸಿಲಿಂಡರ್ ತೆಗೆದುಕೊಂಡು, ಅದಕ್ಕೆ ತಕ್ಕ ರೆಗ್ಯುಲೇಟರ್, ಪೈಪು ಹಾಕಬೇಕು. ನನಗೆ ಇದ್ದಿಲೇ ಇಷ್ಟ, ಅದಕ್ಕೆ ತೋಟದ್ದೇ ಕಾರಣ ಇದೆ.

ಅರೇಬಿಕಾ ಇಟ್ಟವರಿಗೆ ಬಿಳಿ ಕಾಂಡ ಕೊರಕ ಗೊತ್ತಲ್ವಾ. ಹುಳ ಹೊಕ್ಕ ಗಿಡವನ್ನು ಬುಡಸಮೇತ ಕಿತ್ತು ಸುಡಬೇಕು ಅಂತ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಹೇಳುತ್ತಲೇ ಬಂದಿದ್ದಾರೆ. ದುಂಬಿ ಹೊರಗೆ ಬರುವ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ಗೆ ಮೊದಲೇ ಅದು ಆಗಬೇಕು. ಹೇಗೂ ಸುಡಲೇಬೇಕಾದ ಆ ಕಾಂಡಗಳನ್ನು ನಾನು ಇದ್ದಿಲು ಮಾಡುತ್ತೇನೆ. ಕಾಫಿ ಕಾಂಡ ಗಟ್ಟಿ ಮರ, ಇದ್ದಿಲು ಭಾರವಾಗಿ ಬರುತ್ತದೆ, ನಿಧಾನಕ್ಕೆ ಉರಿಯುತ್ತದೆ. ಸಿಲ್ವರ್ ಓಕ್ ಇದ್ದಿಲು ಹಗುರ, ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಬೆಂಕಿ ಹೊತ್ತಿಸಲು ಸಿಲ್ವರ್ ಓಕ್, ಆಮೇಲೆ ಕಾಫಿ. ಅರಸೀಕೆರೆ ಕಡೆಯವರಾದರೆ ತೆಂಗಿನ ಕರಟದ ಇದ್ದಿಲು ಇನ್ನೂ ಸುಲಭ.

ಮಾಡುವುದು 200 ಲೀಟರಿನ ಡ್ರಮ್ಮಿನಲ್ಲಿ. ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ಕೇಳಿಕೊಳ್ಳಿ, ಕೀಟನಾಶಕದ್ದಾದರೆ ಮುಟ್ಟಬೇಡಿ. ಒಣಗಿದ ತುಂಡುಗಳನ್ನು ಒತ್ತಾಗಿ ಜೋಡಿಸಿ, ಹೊಗೆ ದಟ್ಟ ಬಿಳಿಯಿಂದ ತೆಳು ನೀಲಿಗೆ ತಿರುಗುವ ತನಕ ಉರಿಸಿ, ಆಮೇಲೆ ಗಾಳಿ ಹೋಗದ ಹಾಗೆ ಮುಚ್ಚಿ ಮಣ್ಣು ಮೆತ್ತಬೇಕು. ಪೂರ್ತಿ ತಣ್ಣಗಾಗುವ ಮೊದಲು ತೆರೆದರೆ ಮತ್ತೆ ಹೊತ್ತಿಕೊಳ್ಳುತ್ತದೆ. ನಾಲ್ಕೈದು ಕೆಜಿ ಒಣ ಸೌದೆಗೆ ಒಂದು ಕೆಜಿಯಷ್ಟು ಇದ್ದಿಲು ಸಿಗುತ್ತದೆ. ನಮ್ಮ ಜಿಲ್ಲೆಗೆ ಇದೇನೂ ಹೊಸದಲ್ಲ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಹೋಗುತ್ತಿತ್ತು. 1923ರಲ್ಲಿ ಅಲ್ಲಿನ ಕಾರ್ಖಾನೆ ಕಬ್ಬಿಣ ಕರಗಿಸಲು ಶುರು ಮಾಡಿದ್ದೂ ಮರದ ಇದ್ದಿಲಿನಿಂದಲೇ.

ಇನ್ನು ಅಡಿಗಲ್ಲು. ಹೊಸದು ದುಬಾರಿ. ಅಗ್ಗಕ್ಕೆ ಸಿಗುವ ಎರಕದ ಕಬ್ಬಿಣದ ಅಡಿಗಲ್ಲು ಸುತ್ತಿಗೆ ಏಟಿಗೆ ತಗ್ಗು ಬೀಳುತ್ತದೆ, ಅಂಚು ಒಡೆಯುತ್ತದೆ. ರೈಲು ಕಂಬಿಯ ತುಂಡು ಒಳ್ಳೆಯದು, ಆದರೆ ಅದನ್ನು ಎಲ್ಲಿಂದ ತಂದಿರಿ ಅನ್ನುವುದು ಮುಖ್ಯ. ರೈಲ್ವೆ ಸೊತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ವಿರುದ್ಧ 1966ರ ಕಾಯ್ದೆಯೇ ಇದೆ. ಹರಾಜಿನಲ್ಲಿ ಕೊಂಡ ಗುಜರಿಯವರಿಂದ ಬಿಲ್ ಸಮೇತ ತನ್ನಿ, ಇಲ್ಲದಿದ್ದರೆ ಬಿಟ್ಟುಬಿಡಿ. ನಾನು ಬಳಸುವುದು ಹಳೇ ಯಂತ್ರವೊಂದರ ದಪ್ಪ ಶಾಫ್ಟಿನ ತುಂಡು, ಗುಜರಿಯಲ್ಲಿ ತೂಕಕ್ಕೆ ಕೊಂಡದ್ದು. ಅದನ್ನು ಮಲಗಿಸದೆ, ಹಲಸಿನ ದಿಮ್ಮಿಯೊಳಗೆ ನೆಟ್ಟಗೆ ಹುಗಿದು ನಿಲ್ಲಿಸಿದ್ದೇನೆ. ರೈಲು ಕಂಬಿಯನ್ನೂ ಹಾಗೇ ನಿಲ್ಲಿಸಬೇಕು. ಸುತ್ತಿಗೆಯ ಕೆಳಗೆ ನೇರವಾಗಿ ಎಷ್ಟು ಉಕ್ಕು ಇದೆಯೋ ಅಷ್ಟು ಏಟು ಕತ್ತಿಗೆ ತಾಗುತ್ತದೆ. ಮುಖ ಅಂಗೈಯಷ್ಟೇ ಅಗಲ ಇದ್ದರೂ ಸಾಕು. ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಹಿಡಿದರೆ ಬೆರಳಿನ ಗೆಣ್ಣು ಎಲ್ಲಿಗೆ ಬರುತ್ತದೋ ಅಷ್ಟು ಎತ್ತರಕ್ಕೆ ಅಡಿಗಲ್ಲಿನ ಮುಖ ಇರಬೇಕು. ತಗ್ಗಾದರೆ ಸೊಂಟ ಹಿಡಿಯುತ್ತದೆ, ಎತ್ತರವಾದರೆ ಭುಜ ನೋಯುತ್ತದೆ. ಸುತ್ತಿಗೆ ಒಂದು ಕೆಜಿ ಒಳಗಿನದ್ದೇ ಸಾಕು. ಅದರ ಮುಖದ ಅಂಚುಗಳನ್ನು ಅರದಿಂದ ಉಜ್ಜಿ ನಯ ಮಾಡಿಕೊಳ್ಳಿ, ಚೂಪಾದ ಅಂಚು ಕತ್ತಿಯ ಮೈಮೇಲೆ ಬೀಳಿಸುವ ಗಾಯ ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ಇಕ್ಕಳ ಮಾತ್ರ ತುಂಡಿನ ದಪ್ಪಕ್ಕೆ ಸರಿಯಾಗಿ ಕೂರಬೇಕು. ಜಾರಿದರೆ ಕೆಂಡದಂಥ ಉಕ್ಕು ಕಾಲಿಗೆ ಬೀಳುತ್ತದೆ.

ಉಕ್ಕು ಯಾವುದು? ಕಟ್ಟಡದ ಟಿಎಂಟಿ ಸರಳಿನಲ್ಲಿ ಇಂಗಾಲ 0.3% ಒಳಗೇ. ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಬಾಯಿ ನಿಲ್ಲುವಷ್ಟು ಗಡಸು ಬರುವುದಿಲ್ಲ. ಹೊಸಬರಿಗೆ ನಾನು ಹೇಳುವುದು ಜೀಪು, ಲಾರಿಯ ಸ್ಪ್ರಿಂಗ್ ಪಟ್ಟಿ. ಹಳೇ ಪಟ್ಟಿಗಳು ಸಾಮಾನ್ಯವಾಗಿ ಇಎನ್45 ಅನ್ನುವ ದರ್ಜೆಯ ಅಥವಾ ಅದಕ್ಕೆ ಹತ್ತಿರದ ಉಕ್ಕು. ಇಂಗಾಲ 0.5ರಿಂದ 0.6%, ಜೊತೆಗೆ ಸಿಲಿಕಾನ್ ಮತ್ತು ಮ್ಯಾಂಗನೀಸ್. ಬಾಗಿ ಮತ್ತೆ ನೆಟ್ಟಗಾಗುವ ಗುಣ ಅದಕ್ಕೆ ಇರುವುದರಿಂದ ಮರಗಸಿ ಕತ್ತಿಗೆ ಹೇಳಿ ಮಾಡಿಸಿದ್ದು. ಬೇರಿಂಗಿನ ಇಎನ್31ರಲ್ಲಿ ಇಂಗಾಲ 1%, ಕ್ರೋಮಿಯಂ ಸುಮಾರು 1.5%. ಅಡುಗೆಮನೆಯ ಚಾಕುವಿಗೆ ಬಹಳ ಚೆನ್ನಾಗಿರುತ್ತದೆ, ಆದರೆ ಸ್ವಲ್ಪ ತಣ್ಣಗಿರುವಾಗ ಬಡಿದರೆ ಸೀಳುತ್ತದೆ, ಹದವೂ ಕಷ್ಟ. ಕೈ ಪಳಗಿದ ಮೇಲೆ ಅದಕ್ಕೆ ಹೋಗಿ.

ಗುಜರಿಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಯಾಕೆಂದರೆ ಅದು ವರ್ಷಗಟ್ಟಲೆ ಕುಲುಕಾಡಿದ ಉಕ್ಕು. ಅದಕ್ಕೇ ಪ್ರತಿ ಪಟ್ಟಿಯಿಂದಲೂ ಬೆರಳುದ್ದದ ಒಂದು ತುಂಡು ಕತ್ತರಿಸಿ ಪರೀಕ್ಷೆ ಮಾಡುತ್ತೇನೆ. ಕಾಯಿಸಿ, ಎಣ್ಣೆಗೆ ಅದ್ದಿ, ಬಟ್ಟೆಯಲ್ಲಿ ಸುತ್ತಿ ವೈಸಿನಲ್ಲಿ ಕಚ್ಚಿಸಿ ಮುರಿಯುವುದು. ಮುರಿದ ಜಾಗ ನಯವಾದ ಬೂದು ಬಣ್ಣ ಇದ್ದರೆ ಉಕ್ಕೂ ಸರಿ, ಶಾಖವೂ ಸರಿ. ಮಿಣಮಿಣ ಹೊಳೆಯುವ ದಪ್ಪ ಹರಳು ಕಂಡರೆ ಜಾಸ್ತಿ ಕಾದಿದೆ ಅಂತ ಅರ್ಥ. ಮುರಿಯದೆ ಬಾಗಿದರೆ ಆ ಉಕ್ಕು ಕತ್ತಿಗೆ ಆಗುವಂಥದ್ದಲ್ಲ, ಇಲ್ಲವೇ ಸಾಕಷ್ಟು ಕಾದಿರಲಿಲ್ಲ. ಕಣ್ಣು ಮತ್ತು ಬೆಂಕಿ ಒಂದಕ್ಕೊಂದು ಹೊಂದಿಕೊಂಡಿವೆಯೇ ಅಂತ ತಿಳಿಯಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಬಡಿಯುವ ಬಣ್ಣ ಕಿತ್ತಳೆ. ಕಿತ್ತಳೆಯಿಂದ ಹಳದಿಗೆ ತಿರುಗುವ ಹೊತ್ತಿಗೆ ತುಂಡು ಸುಮಾರು 1,000 ಡಿಗ್ರಿ ದಾಟಿರುತ್ತದೆ. ಸುತ್ತಿಗೆ ಬಿದ್ದ ಕಡೆ ಅದು ಸಲೀಸಾಗಿ ಹರಡುತ್ತದೆ. ಬಿಳಿಗೆ ಹೋಗಿ ಕಿಡಿ ಚಿಮ್ಮಿತೋ, ಉಕ್ಕೇ ಉರಿಯುತ್ತಿದೆ ಅಂತ ಲೆಕ್ಕ, ಆ ಭಾಗ ಕತ್ತರಿಸಿ ಎಸೆಯಬೇಕು. ಇತ್ತ ಕಡೆ ಮಂಕು ಕೆಂಪಿಗೆ ಇಳಿದರೆ ಸುತ್ತಿಗೆ ನಿಲ್ಲಿಸಿ ಮತ್ತೆ ಬೆಂಕಿಗೆ ಇಡಬೇಕು. "ಇನ್ನೆರಡು ಏಟು ಹಾಕ್ಬಿಡೋಣ" ಅನ್ನಿಸುವ ಗಳಿಗೆಯಲ್ಲೇ ಒಳಗೆ ಬಿರುಕು ಬೀಳುವುದು. ತುಂಡನ್ನು ಗಾಳಿ ಬರುವ ಪೈಪಿನ ಬಾಯಿಗೆ ನೇರ ಹಿಡಿಯಬೇಡಿ. ಗಾಳಿಯ ಬಾಯಿಗಿಂತ ಮೇಲೆ, ನಾಲ್ಕಾರು ಇಂಚು ಕೆಂಡದ ನಡುವೆ, ಮೇಲೂ ಕೆಂಡ ಮುಚ್ಚಿ ಇಟ್ಟರೆ ಕಿಟ್ಟ ಕಮ್ಮಿ.

ಆಕಾರ ಬಂದ ಮೇಲೆ ಬಹಳ ಜನ ನೇರ ಹದಕ್ಕೆ ಓಡುತ್ತಾರೆ. ನಡುವೆ ಒಂದು ಕೆಲಸ ಇದೆ. ಬಡಿತದಿಂದ ಉಕ್ಕಿನೊಳಗೆ ಎಳೆತ ತುಂಬಿಕೊಂಡಿರುತ್ತದೆ. ಅಯಸ್ಕಾಂತಕ್ಕೆ ಅಂಟದಷ್ಟು ಕಾಯಿಸಿ, ನಿಂತ ಗಾಳಿಯಲ್ಲಿ ತಾನಾಗಿ ತಣ್ಣಗಾಗಲು ಬಿಡಬೇಕು. ಹೀಗೆ ಮೂರು ಸಲ, ಪ್ರತಿ ಸಲ ಸ್ವಲ್ಪ ಕಮ್ಮಿ ಶಾಖದಲ್ಲಿ. ಒಳಗಿನ ಹರಳು ಸಣ್ಣದಾಗುತ್ತದೆ, ಕತ್ತಿ ಅದ್ದುವಾಗ ಸೊಟ್ಟಗಾಗುವುದು ಕಮ್ಮಿ. ಅರ ಹಾಕಿ ಉಜ್ಜುವಷ್ಟು ಮೆತ್ತಗಾಗಬೇಕಾದರೆ ಕೊನೆಗೊಮ್ಮೆ ಕಾಯಿಸಿ ಒಣ ಬೂದಿಯೊಳಗೆ ಹೂತು ಬೆಳಗಿನ ತನಕ ಬಿಡುವುದು. ಆಮೇಲೆ ಉಜ್ಜಿ ರೂಪ ಕೊಡುವಾಗ ಬಾಯಿಯನ್ನು ಚೂಪು ಮಾಡಬಾರದು, ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪ ಉಳಿಸಿಕೊಳ್ಳಬೇಕು. ತೆಳ್ಳಗಾದ ಬಾಯಿ ಎಣ್ಣೆಯಲ್ಲಿ ಅಲೆಅಲೆಯಾಗಿ ತಿರುಚಿಕೊಳ್ಳುತ್ತದೆ.

ಈಗ ಹದ. ಇದನ್ನು ನಾನು ಮುಸ್ಸಂಜೆಗೇ ಇಟ್ಟುಕೊಳ್ಳುತ್ತೇನೆ. ಉಕ್ಕು ಸುಮಾರು 770 ಡಿಗ್ರಿಗೆ ಅಯಸ್ಕಾಂತದ ಗುಣ ಕಳೆದುಕೊಳ್ಳುತ್ತದೆ. ತಂತಿಗೆ ಕಟ್ಟಿದ ಅಯಸ್ಕಾಂತ ತಾಗಿಸಿ ನೋಡಿದರೆ ಅಲ್ಲಿಗೆ ಬಂದದ್ದು ಗೊತ್ತಾಗುತ್ತದೆ. ಆದರೆ ಸ್ಪ್ರಿಂಗ್ ಉಕ್ಕಿಗೆ ಅಷ್ಟು ಸಾಲದು, ಇನ್ನೂ ಮೇಲೆ, 850 ದಾಟಿ ಹೋಗಬೇಕು. ಅಯಸ್ಕಾಂತ ಹೊಸಿಲು ತೋರಿಸುತ್ತದೆ ಅಷ್ಟೇ, ಅಲ್ಲಿಂದ ಮುಂದಕ್ಕೆ ಕಣ್ಣೇ ಗತಿ.

ಕತ್ತಲಲ್ಲಿ ಸುಮ್ಮನೆ ಗಮನವಿಟ್ಟು ನೋಡಿದರೆ ಉಕ್ಕೇ ಹೇಳುತ್ತದೆ. ಕತ್ತಿಯನ್ನು ಕೆಂಡದಲ್ಲಿ ಮೆಲ್ಲಗೆ ಹಿಂದೆ ಮುಂದೆ ಎಳೆಯುತ್ತಿರಬೇಕು. ತೆಳು ಇರುವ ತುದಿ ಮೊದಲು ಕೆಂಪಾಗುತ್ತದೆ. ಆಮೇಲೆ ಕೆಂಪಿನೊಳಗೆ ಮಬ್ಬು ನೆರಳು ಕಾಣಿಸಿಕೊಳ್ಳುತ್ತದೆ. ಬೆನ್ನಿನ ಕಡೆ, ದಪ್ಪ ಇರುವಲ್ಲಿ, ಅದು ಒಂದಷ್ಟು ಹೊತ್ತು ಕದಲದೆ ನಿಲ್ಲುತ್ತದೆ. ಉಕ್ಕಿನ ಒಳರಚನೆ ಬದಲಾಗುವಾಗ ಅದು ಶಾಖವನ್ನು ಒಳಗೇ ನುಂಗಿಕೊಳ್ಳುತ್ತದೆ. ನೆರಳು ಕಾಣುವುದು ಅದಕ್ಕೇ. ಗಾಳಿ ಕಮ್ಮಿ ಮಾಡಿ ಕಾಯಬೇಕು. ನೆರಳು ಅಂಚಿನಿಂದ ಬೆನ್ನಿಗೆ ಸರಿಯುತ್ತಾ, ಸಣ್ಣದಾಗುತ್ತಾ ಕರಗಿ ಹೋಗುತ್ತದೆ. ಇಡೀ ಕತ್ತಿ ಮಾಗಿದ ಕಾಫಿ ಹಣ್ಣಿನ ಕೆಂಪು ದಾಟಿ ಒಂದೇ ಸಮನೆ ಬೆಳಗುತ್ತದೆ. ಎಲ್ಲೂ ಕಲೆ ಇಲ್ಲ ಅಂತ ಖಾತ್ರಿಯಾದ ಮೇಲೆ ಒಂದು ಕ್ಷಣ ಹಾಗೇ ಹಿಡಿದು, ಎಣ್ಣೆಗೆ. ನೆರಳನ್ನು ಮೊದಲ ಸಲ ಗುರುತಿಸಿದಾಗ ಆಚಾರ್ರು ಹೇಳಿದ್ದ "ತೆಗೆಯೋ ಹೊತ್ತು" ಯಾವುದು ಅಂತ ನನಗೆ ಅರ್ಥವಾಯಿತು. ಥರ್ಮಾಮೀಟರ್ ಇಲ್ಲದ ಕಾಲದಿಂದ ಕಂಬಾರರು ನೋಡಿಕೊಂಡು ಬಂದದ್ದು ಇದನ್ನೇ.

ಎಣ್ಣೆ ಯಾವುದು ಅಂದರೆ, ನಾನು ಶೇಂಗಾ ಎಣ್ಣೆ ಬಳಸುತ್ತೇನೆ. ಅದನ್ನು 50-60 ಡಿಗ್ರಿಗೆ ಬಿಸಿ ಮಾಡಿಕೊಳ್ಳಬೇಕು. ಬಿಸಿ ಎಣ್ಣೆ ತೆಳ್ಳಗಾಗಿ ಕತ್ತಿಯ ಮೈಯನ್ನು ಬೇಗ ಮುಟ್ಟುತ್ತದೆ, ತಣ್ಣನೆಯ ಎಣ್ಣೆಗಿಂತ ಚೆನ್ನಾಗಿ ತಣಿಸುತ್ತದೆ. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ವಿಷ. ನೀರೂ ಬೇಡ, ಸ್ಪ್ರಿಂಗ್ ಪಟ್ಟಿ ನೀರಿನಲ್ಲಿ 'ಟಿಂಗ್' ಅಂತ ಸದ್ದು ಮಾಡಿ ಸೀಳುವ ಸಂಭವ ಜಾಸ್ತಿ. ಎಣ್ಣೆ ಉದ್ದನೆಯ ಕಬ್ಬಿಣದ ಡಬ್ಬದಲ್ಲಿರಲಿ, ಪ್ಲಾಸ್ಟಿಕ್ಕಿನಲ್ಲಿ ಖಂಡಿತ ಬೇಡ. ಅದಕ್ಕೆ ಸರಿಯಾಗಿ ಕೂರುವ ಮುಚ್ಚಳ ಪಕ್ಕದಲ್ಲೇ ಇರಲಿ. ಕತ್ತಿಯನ್ನು ತುದಿ ಮೊದಲಾಗಿ ನೇರ ಇಳಿಸಿ, ಮೇಲೆ ಕೆಳಗೆ ಅಲ್ಲಾಡಿಸಬಹುದು, ಅಡ್ಡ ಅಲ್ಲಾಡಿಸಿದರೆ ಸೊಟ್ಟಗಾಗುತ್ತದೆ. ಮೇಲೆ ಬೆಂಕಿ ಹತ್ತಿದರೆ ಮುಚ್ಚಳ ಹಾಕಿ. ನೀರು ಮಾತ್ರ ಎರಚಬೇಡಿ, ಉರಿಯುವ ಎಣ್ಣೆ ನಾಲ್ಕೂ ಕಡೆ ಹಾರುತ್ತದೆ. ಒಂದು ಬಕೆಟ್ ಒಣ ಮರಳು ಯಾವಾಗಲೂ ಕೈಗೆಟುಕುವಂತಿರಲಿ.

ತಣ್ಣಗಾದ ಮೇಲೆ ಹಳೇ ಅರ ತೆಗೆದುಕೊಂಡು ಬಾಯಿಯ ಮೇಲೆ ಒಮ್ಮೆ ಎಳೆಯಿರಿ. ಅರ ಕಚ್ಚದೆ ಜಾರಿದರೆ ಗಡಸು ಬಂದಿದೆ. ಕಚ್ಚಿದರೆ ಬಂದಿಲ್ಲ, ಮತ್ತೆ ಕಾಯಿಸಬೇಕು. ಗಡಸು ಬಂದ ಕತ್ತಿ ಈ ಹಂತದಲ್ಲಿ ಗಾಜಿನಷ್ಟೇ ಪೆಡಸು. ಕೈಜಾರಿ ಬಿದ್ದರೆ ಎರಡಾಗಬಹುದು. ರಾತ್ರಿ ಹಾಗೇ ಬಿಟ್ಟರೆ ಒಳಗಿನ ಎಳೆತಕ್ಕೆ ತಾನೇ ಸೀಳಲೂಬಹುದು. ಅದಕ್ಕೇ ಅದೇ ಸಂಜೆ ಎರಡನೇ ಸಲ, ಈ ಸಲ ಸಣ್ಣ ಶಾಖದಲ್ಲಿ, ಕಾಯಿಸಿ ಪೆಡಸು ಇಳಿಸಬೇಕು.

ಆಚಾರ್ರು ಈ ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸುವುದನ್ನು ನಾನು ಎಷ್ಟು ಸಲ ನೋಡಿದರೂ ಸಾಲದು. ಕಾದ ಕತ್ತಿಯ ಬಾಯಿಯನ್ನು ಮಾತ್ರ ಎರಡು ಬೆರಳಿನಷ್ಟು ಆಳಕ್ಕೆ ಕಲ್ಲು ಮರಿಗೆಯ ನೀರಿಗೆ ಮುಟ್ಟಿಸುತ್ತಾರೆ. ಬೆನ್ನು ಇನ್ನೂ ಕೆಂಪಗೇ ಇರುತ್ತದೆ. ತೆಗೆದವರೇ ಸಾಣೆಕಲ್ಲಿನ ಚೂರಿನಿಂದ ಬಾಯಿಯ ಉದ್ದಕ್ಕೂ ಉಜ್ಜಿ ಒಂದು ಬೆಳ್ಳಗಿನ ಪಟ್ಟೆ ಮಾಡಿಕೊಳ್ಳುತ್ತಾರೆ. ಬೆನ್ನಿನಲ್ಲಿ ಉಳಿದ ಶಾಖ ಬಾಯಿಯ ಕಡೆ ಹರಿದು ಬರುತ್ತಿದ್ದ ಹಾಗೆ ಆ ಪಟ್ಟೆಯ ಮೇಲೆ ಬಣ್ಣ ಓಡುತ್ತದೆ. ಮೊದಲು ತಿಳಿ ಹಳದಿ, ಆಮೇಲೆ ಗಾಢ ಹಳದಿ, ಕಂದು, ನೇರಳೆ, ಹಿಂದಿನಿಂದ ನೀಲಿ. ಬಾಯಿಗೆ ಕಂದು ಮುಟ್ಟಿತು ಅನ್ನುವಷ್ಟರಲ್ಲಿ ಇಡೀ ಕತ್ತಿ ನೀರಿನೊಳಗೆ. "ನೀಲಿ ಬಾಯಿಗೆ ಬಂದ್ರೆ ಕತ್ತಿ ಮೆತ್ತಗೆ, ಹಳದೀಲೇ ನಿಲ್ಸಿದ್ರೆ ಚಕ್ಕೆ ಹಾರ್ತದೆ" ಅನ್ನುತ್ತಾರೆ. ತಿಳಿ ಹಳದಿ ಅಂದರೆ ಸುಮಾರು 210 ಡಿಗ್ರಿ, ಕಂದು 255ರ ಹತ್ತಿರ, ನೀಲಿ 300. ಅಂದರೆ 90 ಡಿಗ್ರಿಯ ಆಚೀಚೆಯಲ್ಲಿ ಕತ್ತಿಯ ಹಣೆಬರಹ ಇದೆ. ಬಣ್ಣ ಓಡಿ ಮುಗಿಯುವುದು ಕೆಲವೇ ಕ್ಷಣದಲ್ಲಿ.

ಅವರಿಗೆ ನೀರೂ ಒಗ್ಗುತ್ತದೆ, ಅವರ ಉಕ್ಕು ಅವರಿಗೆ ಗೊತ್ತು. ಹೊಸಬರಿಗೆ ಎಣ್ಣೆ ಮತ್ತು ಓವನ್ ಒಳ್ಳೆಯದು. ಕೇಕ್ ಮಾಡುವ ಒಟಿಜಿ ಓವನ್ ಸಾಕು, ಆದರೆ ಅದಕ್ಕೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿ. ಗುಂಡಿ ತೋರಿಸುವ ಅಂಕಿಗೂ ಒಳಗಿನ ಶಾಖಕ್ಕೂ ಬಹಳ ಸಲ ತಾಳೆಯಾಗುವುದಿಲ್ಲ. ಅಡುಗೆಮನೆ ಚಾಕುವಿಗೆ 200 ಡಿಗ್ರಿ, ಬೀಸಿ ಕಡಿಯುವ ಕತ್ತಿಗೆ 240-250, ಒಂದೊಂದು ಗಂಟೆ, ಎರಡು ಸಲ. ಎಣ್ಣೆ ಅಂಟಿದ ಕತ್ತಿಯನ್ನು ಚೆನ್ನಾಗಿ ತೊಳೆದು ಇಡಬೇಕು, ಓವನ್ ಕೂಡ ಈ ಕೆಲಸಕ್ಕೇ ಬೇರೆ ಇದ್ದರೆ ಮನೆಯಲ್ಲಿ ನೆಮ್ಮದಿ.

ಇಷ್ಟೆಲ್ಲ ಮಾಡಿ ಕೊನೆಗೆ ಸಾಣೆ ಯಂತ್ರದ ಮೇಲೆ ಕತ್ತಿ ಕೆಡಿಸುವವರೂ ಇದ್ದಾರೆ. ಹಿಡಿದುಕೊಂಡು ಒಂದೇ ಕಡೆ ಒತ್ತಿದರೆ ಬಾಯಿ ನೀಲಿಗೆ ತಿರುಗುತ್ತದೆ, ಆ ಜಾಗದ ಹದ ಹೋಯಿತು. ಬೆಲ್ಟಿನ ಮುಂದೆ ಕೈಗವಸು ಹಾಕಬೇಡಿ, ತಿರುಗುವ ಯಂತ್ರ ಬಟ್ಟೆ ಸಮೇತ ಬೆರಳು ಎಳೆದುಕೊಳ್ಳುತ್ತದೆ. ಬರಿಗೈ ಆದರೆ ಬಿಸಿಯೂ ಗೊತ್ತಾಗುತ್ತದೆ. ಬೆರಳಿಗೆ ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದಿ. ಕನ್ನಡಕ, ಧೂಳು ತಡೆಯುವ ಮಾಸ್ಕ್, ಕಿವಿಗೆ ಮುಚ್ಚಳ ಇರಲೇಬೇಕು. ಮೈಮೇಲೆ ಹತ್ತಿ ಬಟ್ಟೆಯೇ ಇರಲಿ, ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬಾಯಿಯ ಕೋನ ಅಡುಗೆ ಚಾಕುವಿಗೆ ಒಂದು ಬದಿಗೆ 15-20 ಡಿಗ್ರಿ, ಮರಗಸಿ ಕತ್ತಿಗೆ 25ರ ಹತ್ತಿರ.

ಹಿಡಿಗೆ ಬೀಟೆ ಹುಡುಕಿಕೊಂಡು ಹೋಗಬೇಡಿ. ಅದಕ್ಕೆ ಕಾನೂನಿನ ಕಟ್ಟುಪಾಡು ಇದೆ, ಅದು ಬೇಕಾಗಿಯೂ ಇಲ್ಲ. ಹಲಸು, ಕಾಫಿ ಕಾಂಡ ಎರಡೂ ಚೆನ್ನ. ಆದರೆ ಮರ ಪೂರ್ತಿ ಒಣಗಿರಬೇಕು. ಹಸಿ ಮರದ ಹಿಡಿ ಬೇಸಿಗೆಗೆ ಕುಗ್ಗಿ ಸಡಿಲ ಆಗುತ್ತದೆ, ಬೀಸುವಾಗ ಕತ್ತಿ ಹಾರಿ ಹೋದರೆ ಕೆಳಗಿದ್ದವರ ಗತಿ ಏನು? ಹಿಡಿಯೊಳಗೆ ಹೋಗುವ ಬಾಲವನ್ನು ಕಾಯಿಸಿ, ಮರಕ್ಕೆ ಕೊರೆದ ಸಣ್ಣ ತೂತಿನೊಳಗೆ ಸುಡುತ್ತಾ ಇಳಿಸುವುದು ನಮ್ಮ ಕಡೆಯ ಕ್ರಮ. ಆಗ ಕತ್ತಿಯ ಮೈಗೆ ಒದ್ದೆ ಬಟ್ಟೆ ಸುತ್ತಿರಬೇಕು, ಇಲ್ಲದಿದ್ದರೆ ಶಾಖ ಹರಿದು ಹದ ಇಳಿಯುತ್ತದೆ. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಬಿಗಿದರೆ ಮರ ಸೀಳುವುದಿಲ್ಲ. ದಪ್ಪ ಎಷ್ಟು ಅನ್ನುವುದನ್ನು ಬಳಸುವವರ ಕೈ ನೋಡಿಯೇ ತೀರ್ಮಾನಿಸಿ. ನಮ್ಮಲ್ಲಿ ಕಳೆ ಹೊಡೆಯುವ ಹೆಂಗಸರ ಕೈಗೆ ಅಂಗಡಿಯ ಹಿಡಿಗಳು ತೀರಾ ದಪ್ಪ. ಅವರಿಗೆ ಸಪೂರ ಮಾಡಿಕೊಟ್ಟ ಮೇಲೆ "ಈಗ ಕೈ ನೋವು ಕಮ್ಮಿ ಅಣ್ಣ" ಅಂದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಕೆಲವು ಹುಡುಗರು ಬಂದು ಕತ್ತಿ ಅಂದರೆ ಖಡ್ಗ ಮಾಡಿಕೊಡಿ ಅನ್ನುತ್ತಾರೆ. ನಾನು ಮಾಡುವುದಿಲ್ಲ. 1959ರ ಆಯುಧ ಕಾಯ್ದೆ ಬರೀ ಮನೆಬಳಕೆಗೆ, ಬೇಸಾಯಕ್ಕೆ ಅಂತಲೇ ಮಾಡಿದ ವಸ್ತುಗಳನ್ನು ಆಯುಧದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಖಡ್ಗ, ಬಾಕು ಆ ರಿಯಾಯಿತಿಗೆ ಸೇರುವುದಿಲ್ಲ. ಕಾಯ್ದೆ ಇಲ್ಲದಿದ್ದರೂ ಮಾಡುತ್ತಿರಲಿಲ್ಲ ಅನ್ನಿ. ಗೋಡೆಗೆ ತೂಗುಹಾಕುವ ಕತ್ತಿಯ ಹದ ಸರಿ ಇದೆಯೇ ಅಂತ ಯಾರಿಗೂ ತಿಳಿಯುವುದಿಲ್ಲ. ಮರಗಸಿ ಕತ್ತಿಯ ಹದ ಒಂದೇ ದಿನದಲ್ಲಿ ತಿಳಿಯುತ್ತದೆ.

ಕಸುಬನ್ನೇ ಜೀವನ ಮಾಡಿಕೊಂಡವರಿಗೆ ಒಂದು ಮಾಹಿತಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆಯೂ ಇದೆ. ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಆಮೇಲೆ 5% ಬಡ್ಡಿಗೆ ಸಾಲ, ಮೊದಲ ಕಂತು ಒಂದು ಲಕ್ಷದ ತನಕ. ಅರ್ಜಿ ಕಾಮನ್ ಸರ್ವಿಸ್ ಸೆಂಟರ್ ಮೂಲಕ. ನನ್ನಂಥ ತೋಟದವರಿಗೆ ಇದು ಅಲ್ಲ. ಆದರೆ ನಿಮ್ಮೂರಿನ ಆಚಾರ್ರಿಗೆ ಫೋನಿನಲ್ಲಿ ಅರ್ಜಿ ಹಾಕುವುದು ಕಷ್ಟ ಆಗುತ್ತಿದ್ದರೆ ಜೊತೆಗೆ ಹೋಗಿ ಕೂತು ಹಾಕಿಸಿಕೊಡಿ.

ಮೂಡಿಗೆರೆ ಮಳೆಗೆ ಮುಂಚೆ, ಮೇ ಮುಗಿಯುವುದರೊಳಗೆ ನಾನು ಕುಲುಮೆ ಕೆಲಸ ನಿಲ್ಲಿಸಿ ಎಲ್ಲ ಎತ್ತಿಡುತ್ತೇನೆ. ಗುಳಿಯ ಬೂದಿ ಪೂರ್ತಿ ತೆಗೆಯಬೇಕು, ಒದ್ದೆ ಬೂದಿ ಪೈಪನ್ನು ತಿಂದು ಹಾಕುತ್ತದೆ. ಇದ್ದಿಲು ತೇವ ಎಳೆದುಕೊಂಡರೆ ಮುಂದಿನ ಸಲ ಹಚ್ಚಿದಾಗ ಚಟಚಟ ಸಿಡಿಯುತ್ತದೆ, ಹಾಗಾಗಿ ಅದು ಮುಚ್ಚಳದ ಡ್ರಮ್ಮಿನಲ್ಲಿ ಅಟ್ಟಕ್ಕೆ. ಅಡಿಗಲ್ಲಿಗೆ, ಸುತ್ತಿಗೆಗೆ, ಇಕ್ಕಳಕ್ಕೆ ಗ್ರೀಸ್. ಅಡುಗೆಮನೆಯ ಚಾಕುವಿಗೆ ಗ್ರೀಸ್ ಬೇಡ, ಕೊಬ್ಬರಿ ಎಣ್ಣೆ ಸವರಿ ಕಾಗದ ಸುತ್ತಿದರೆ ಸಾಕು. ಸ್ಪ್ರಿಂಗ್ ಪಟ್ಟಿಗಳನ್ನು ನೆಲದ ಮೇಲೆ ಇಡದೆ ಅಟ್ಟಣಿಗೆಯ ಮೇಲೆ ಇಟ್ಟು, ಯಾವುದು ಪರೀಕ್ಷೆ ಆಗಿದೆ ಅಂತ ಸುಣ್ಣದಲ್ಲಿ ಗುರುತು ಹಾಕಿ. ಈ ವರ್ಷ ಗುರುತು ಹಾಕಿ ಇಟ್ಟ ಪಟ್ಟಿಗಳಿಂದ ಮೊದಲು ಆಗಬೇಕಾದದ್ದು ಎರಡು ಮೆಟ್ಟುಗತ್ತಿ. ಅಡಿಕೆ ಸುಲಿತ ಶುರುವಾಗುವ ಮೊದಲು ಕೊಡುತ್ತೇನೆ ಅಂತ ಪಕ್ಕದ ಮನೆಯವರಿಗೆ ಹೇಳಿಯಾಗಿದೆ.